ಹಿತ್ತಾಳೆಯ ಮೇಲೆ ನೂಲು ಕೊರೆದ ಗೆರೆ

ವೇಣೂರಿನಲ್ಲಿ ಒಂದು ಕಾಲಕ್ಕೆ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಹಿರಿಯರಾದ ಮೊಯಿದಿನಬ್ಬ ಬ್ಯಾರಿಗಳಿಗೆ, ಬೆಳ್ತಂಗಡಿಯಿಂದ ಮೋಕ್ಷಿತಾ ಎಂಬವಳ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಾನೂ ನಿಮ್ಮನ್ನು ನೋಡಿದವಳಲ್ಲ. ಮೂಡುಬಿದಿರೆಯ ಗುಜರಿ ಅಂಗಡಿಯ ಇಬ್ರಾಹಿಂ ಖಲೀಲ್ ನಿಮ್ಮ ವಿಳಾಸ ಹುಡುಕಿ ಕೊಟ್ಟರು. "ಫೋನ್ ಮಾಡಿ ಪ್ರಯೋಜನ ಇಲ್ಲ ಟೀಚರೇ, ಅವರಿಗೆ ಕಿವಿ ಪೂರಾ ಹೋಗಿದೆ. ಪೇಪರ್ ಮಾತ್ರ ಒಂದಕ್ಷರ ಬಿಡದೆ ಓದ್ತಾರೆ. ಕಾಗದ ಬರೀರಿ" ಎಂದರು. ಹಾಗಾಗಿ ಬರೆಯುತ್ತಿದ್ದೇನೆ. ಮೂವತ್ತಮೂರು ವರ್ಷಗಳ ಹಿಂದೆ ನೀವು ಒಂದು ಮನೆಯ ಜಗಲಿಯಲ್ಲಿ ಒಂದು ವಸ್ತುವನ್ನು ಇಟ್ಟು ಇಳಿದು ಹೋದಿರಲ್ಲ, ಅದು ಆಮೇಲೆ ಏನಾಯಿತೆಂದು ನಿಮಗೆ ಯಾರೂ ಹೇಳಿರಲಾರರು. ಅದನ್ನು ಹೇಳಬೇಕು.

ನಾನು ಇಲ್ಲಿಯ ಒಂದು ಐಟಿಐಯಲ್ಲಿ ಫಿಟ್ಟರ್ ವಿಭಾಗದ ಶಿಕ್ಷಕಿ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಒಂದು ಆಟ ಆಡಿಸುತ್ತೇನೆ. ಯಾವುದಾದರೂ ವಿಚಿತ್ರ ಯಂತ್ರದ ಫೋಟೋ ಗೋಡೆಯ ಮೇಲೆ ಬೀಳಿಸುವುದು, ಇದು ಯಾವುದಕ್ಕೆಂದು ಅವರು ಊಹಿಸುವುದು. ತಲೆಯ ಅಳತೆ ತೆಗೆಯುವ ಟೋಪಿ ಅಂಗಡಿಯ ಯಂತ್ರ, ರೈಲ್ವೆ ಟಿಕೆಟ್ಟಿಗೆ ತಾರೀಕು ಒತ್ತುವ ಪೆಟ್ಟಿಗೆ, ವಾಚಿನ ಚಕ್ರ ಕೊರೆಯುವ ಬೆರಳುದ್ದದ ಲೇತು, ಹೀಗೆ ಎಷ್ಟೋ ಆಗಿದೆ. ಮಕ್ಕಳಿಗೆ ನಾನು ಹೇಳಿಕೊಡುವುದು ಇಷ್ಟೇ: ಮೊದಲು ಹೆಸರು ಹೇಳಲು ಹೋಗಬೇಡಿ, ಎಲ್ಲಿ ಸವೆದಿದೆ ನೋಡಿ. ಸವೆದ ಜಾಗದಲ್ಲಿ ಒಂದೋ ಮನುಷ್ಯನ ಮೈ ತಾಗಿದೆ, ಇಲ್ಲ ಕೆಲಸ ತಾಗಿದೆ.

ಕಳೆದ ಜೂನಿನಲ್ಲಿ ಹಳೆಯ ವೈಸ್ ಹುಡುಕಿಕೊಂಡು ಖಲೀಲರ ಅಂಗಡಿಗೆ ಹೋಗಿದ್ದಾಗ ಅವರು ಒಂದು ವಸ್ತುವಿನಿಂದ ಹಿತ್ತಾಳೆ ಬೇರ್ಪಡಿಸಲು ಸುತ್ತಿಗೆ ಎತ್ತಿದ್ದರು. "ಇದೆಂತದು ಅಂತ ನನಗೂ ಗೊತ್ತಿಲ್ಲ, ಬೇಕಾದ್ರೆ ನಿಮ್ಮ ಮಕ್ಕಳಿಗೆ ಕೊಂಡೋಗಿ" ಎಂದರು. ನಾನು ಅದನ್ನು ಎತ್ತಿಕೊಂಡು ಬಂದೆ. ಅದು ನಿಮ್ಮದು.

ನೀವು ಮಾಡಿದ್ದನ್ನು ನಿಮಗೇ ವರ್ಣಿಸುವುದು ತಮಾಷೆಯಾಗಬಹುದು, ಆದರೆ ಏನೂ ಗೊತ್ತಿಲ್ಲದ ಒಬ್ಬಳಿಗೆ ಅದು ಹೇಗೆ ಕಂಡಿತೆಂದು ಹೇಳುತ್ತೇನೆ. ಒಂದೂವರೆ ಗೇಣು ಉದ್ದದ ಹಲಸಿನ ಹಲಗೆ, ಅಡಿಭಾಗವನ್ನು ದೋಣಿಯ ಒಳಹೊಟ್ಟೆಯ ಹಾಗೆ ತಗ್ಗಾಗಿ ಕೆತ್ತಿದ್ದು. ಮೇಲೆ ಎರಡು ಹಿತ್ತಾಳೆಯ ತುಟಿಗಳು, ಒಳಗಡೆ ಟ್ಯೂಬಿನ ರಬ್ಬರು ಅಂಟಿಸಿದ್ದು. ತುಟಿಗಳನ್ನು ಮುಚ್ಚಿ ಹಿಡಿಯುವುದಕ್ಕೆ ಸೈಕಲ್ ಕ್ಯಾರಿಯರಿನ ಸ್ಪ್ರಿಂಗು, ತೆರೆಯುವುದಕ್ಕೆ ಬ್ರೇಕಿನ ವಯರು, ವಯರಿನ ತುದಿಯಲ್ಲಿ ಬ್ರೇಕಿನ ಹಿಡಿ. ಆ ಹಿಡಿಯನ್ನು ಅಂಗೈ ಅಗಲಕ್ಕೆ ಚಪ್ಪಟೆಯಾಗಿ ಬಡಿದು ಪಕ್ಕಕ್ಕೆ ತಿರುಗಿಸಿತ್ತು. ಕೈಯಲ್ಲಿ ಹಿಡಿಯಲು ಹೋದರೆ ಯಾವ ಕೈಗೂ ಹೊಂದುತ್ತಿರಲಿಲ್ಲ. ಒಂದು ಬದಿಯಲ್ಲಿ ಉರುಟು ಮೊಳೆ, ಅದರಲ್ಲಿ ಏನೋ ತಿರುಗಿ ತಿರುಗಿ ಕನ್ನಡಿಯಷ್ಟು ನುಣುಪಾಗಿತ್ತು.

ನಾಲ್ಕು ಬದಿಯಿಂದ ಫೋಟೋ ತೆಗೆದು ತರಗತಿಯ ಗ್ರೂಪಿಗೆ ಹಾಕಿದೆ. ಅಡಿಕೆ ಸುಲಿಯುವುದು, ಮಲ್ಲಿಗೆ ಕಟ್ಟುವುದು, ಹಲ್ಲು ಕೀಳುವುದು, ದಾರ ಹೊಸೆಯುವುದು, ಪೆನ್ನಿನ ನಿಬ್ಬು ಹಿಡಿಯುವುದು ಎಂದೆಲ್ಲ ಬಂತು. ಯಾರೋ ಸ್ಟೇಟಸ್ಸಿಗೂ ಹಾಕಿದರು, ಊರೂರು ಸುತ್ತಿತು. ಮೂರು ವಾರ ಕಳೆದರೂ ಒಬ್ಬರಿಗೂ ಸರಿಯಾದದ್ದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಶಿಕ್ಷಕಿಗೆ ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಗ್ರೂಪಿನಲ್ಲಿ ಬರೆದೆ: "ಬಹುಶಃ ಇದು ಯಾವ ಯಂತ್ರವೂ ಅಲ್ಲ. ಯಾರೋ ಹೊತ್ತು ಕಳೆಯಲು ಮಾಡಿದ ಹುಚ್ಚು ಕೆಲಸ ಇರಬೇಕು."

ಬ್ಯಾರಿಗಳೇ, ಆ ಒಂದು ಸಾಲಿಗಾಗಿ ನಾನು ನಿಮ್ಮ ಕ್ಷಮೆ ಕೇಳಬೇಕು.

ಎರಡು ದಿನ ಬಿಟ್ಟು ನನ್ನ ಫೋನಿಗೆ ಗುರುತಿಲ್ಲದ ನಂಬರಿನಿಂದ ಒಂದು ಧ್ವನಿ ಬಂತು. ವಯಸ್ಸಾದ ಹೆಂಗಸಿನದು. "ಟೀಚರೇ, ನೀವು ಬರ್ದದ್ದನ್ನು ನನ್ನ ತಮ್ಮನ ಸೊಸೆ ಓದಿ ಹೇಳಿದ್ಲು. ಅದು ಹುಚ್ಚು ಕೆಲಸ ಅಲ್ಲ" ಎಂದಿತು. ಕೊನೆಗೆ ತುಳುವಿನಲ್ಲಿ, "ಅವು ಎನ್ನ ಕೈ." ಅದು ನನ್ನ ಕೈ.

ಮರುದಿನವೇ ವೇಣೂರಿಗೆ ಹೋದೆ, ವಸ್ತುವನ್ನು ಟವೆಲಿನಲ್ಲಿ ಸುತ್ತಿಕೊಂಡು. ಫೋನ್ ಮಾಡಿದ ಪದ್ಮಾಕ್ಷಿಯಕ್ಕ ಗೇಟಿನಲ್ಲೇ ನಿಂತಿದ್ದರು. ನೀವು ನೋಡಿದಾಗ ಇಪ್ಪತ್ತೆರಡರ ಹುಡುಗಿ, ಈಗ ಐವತ್ತೈದು. ಬಲಗೈ ಮಣಿಕಟ್ಟಿನವರೆಗೆ ಮಾತ್ರ. ಟವೆಲು ಬಿಡಿಸಿದ್ದೇ ಎಡಗೈಯಲ್ಲಿ ಅದನ್ನು ಬಾಚಿಕೊಂಡರು. ತೋಡಾರಿನ ತಂಗಿಯ ಮನೆಗೆ ಹೋಗಿದ್ದಾಗ ಮನೆ ರಿಪೇರಿಯ ಗಡಿಬಿಡಿಯಲ್ಲಿ ಹಳೆಯ ಡಬ್ಬಿಗಳ ಒಟ್ಟಿಗೆ ಅದೂ ಗುಜರಿಗೆ ಹೋಗಿತ್ತಂತೆ. ವಾಪಸು ಬಂದವರು ಅದನ್ನಿಟ್ಟಿದ್ದ ಅಟ್ಟ ಖಾಲಿಯಾದದ್ದು ನೋಡಿ ಎರಡು ದಿನ ಊಟ ಮಾಡಲಿಲ್ಲವಂತೆ.

ಆಮೇಲೆ ಜಗಲಿಯಲ್ಲಿ ಕೂತು ಎಲ್ಲ ಹೇಳಿದರು. ಅಕ್ಕಿ ಹುಡಿ ಮಾಡಿಸಲು ಮಿಲ್ಲಿಗೆ ಹೋದಲ್ಲಿ ಸೆರಗು ಬೆಲ್ಟಿಗೆ ಸಿಕ್ಕಿದ್ದು, ಬಿಡಿಸಲು ಹೋದ ಕೈಯೂ ಸಿಕ್ಕಿದ್ದು, ಎದುರಿನ ಅಂಗಡಿಯಿಂದ ನೀವು ಓಡಿ ಬಂದು ಗಾಳಿ ಹಾಕುವ ಪಂಪಿನಿಂದಲೇ ಬೆಲ್ಟನ್ನು ಹೊಡೆದು ಜಾರಿಸಿದ್ದು. ಅದು ಅವರಿಗೆ ಕನಸಿನ ಹಾಗೆ ನೆನಪು. ಚೆನ್ನಾಗಿ ನೆನಪಿರುವುದು ಆರು ತಿಂಗಳ ಮೇಲಿನ ಒಂದು ದಿನ. ಅಮ್ಮ, ಅತ್ತಿಗೆ, ನೆರೆಮನೆಯ ಹೆಂಗಸರು ಎಲ್ಲ ಮಡಿಲಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆ ಇಟ್ಟುಕೊಂಡು ಸಾಲಾಗಿ ಕೂತು ಬೀಡಿ ಕಟ್ಟುತ್ತಿದ್ದರು. ಹದಿಮೂರು ವಯಸ್ಸಿನಿಂದ ಆ ಸಾಲಿನಲ್ಲೇ ಬೆಳೆದವರು ಪದ್ಮಾಕ್ಷಿಯಕ್ಕ. ಕೈ ಹೋದ ಮೇಲೆ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು, ಹೊರಗಿನ ನಗು ಕೇಳಬಾರದೆಂದು ಕಿವಿಗೆ ತಲೆದಿಂಬು ಒತ್ತಿಕೊಂಡು. ಆ ದಿನ ನೀವು ಈ ಹಲಗೆ ಹಿಡಿದುಕೊಂಡು ಬಂದಿರಿ. ಅಮ್ಮ ಒತ್ತಾಯ ಮಾಡಿ ಹೊರಗೆ ಕರೆದದ್ದಕ್ಕೆ ಬಂದು, ನಿಮ್ಮ ಮುಖಕ್ಕೇ ಹೇಳಿದರಂತೆ: "ನನಗೆ ಈ ಗುಜರಿ ಎಂತಕ್ಕೆ? ಕೈ ಕೊಡ್ಲಿಕ್ಕೆ ಆಗ್ತದಾ ನಿಮಗೆ?"

ನೀವು ಅದನ್ನು ಜಗಲಿಯಲ್ಲಿಟ್ಟು, ಮೆಟ್ಟಿಲಲ್ಲಿ ಚಪ್ಪಲಿ ಹಾಕಿಕೊಂಡು ಹೋದಿರಂತೆ. ಅದೇ ತಿಂಗಳು ಅಂಗಡಿ ಮುಚ್ಚಿ ಸೌದಿಯ ದಮ್ಮಾಮಿಗೆ ಹೊರಟಿರಿ. ಹೇಗೆ ಬಳಸುವುದೆಂದು ತೋರಿಸಿಕೊಡುವುದಕ್ಕೂ ಅವರು ನಿಮಗೆ ಅವಕಾಶ ಕೊಟ್ಟಿರಲಿಲ್ಲ.

ಎಂಟು ದಿನ ಅದು ಇಟ್ಟಲ್ಲೇ ಬಿದ್ದಿತ್ತು. ಒಂದು ಮಧ್ಯಾಹ್ನ ಸಿಟ್ಟಿನಲ್ಲಿ ಕಾಲಿನಿಂದ ತಳ್ಳಿದರು. ಪಾದ ಆ ಚಪ್ಪಟೆ ಹಿಡಿಗೆ ತಾಗಿತು. ಹಿತ್ತಾಳೆಯ ತುಟಿಗಳು ಮೆಲ್ಲಗೆ ಬಾಯಿ ತೆರೆದು, ಕಾಲು ತೆಗೆದದ್ದೇ ಮುಚ್ಚಿಕೊಂಡವು. ಪುನಃ ಒತ್ತಿದರು, ಪುನಃ ತೆರೆಯಿತು. "ಇದೆಂತಕ್ಕೆ ಮಾಡಿದ್ದು ಅಂತ ಕುತೂಹಲ ಆಯ್ತು ಟೀಚರೇ. ಆರು ತಿಂಗಳಲ್ಲಿ ಮೊದಲ ಸಲ ಕೈ ಬಿಟ್ಟು ಬೇರೆ ಒಂದರ ಬಗ್ಗೆ ಆಲೋಚನೆ ಮಾಡಿದ್ದು" ಎಂದರು. ಮೂರು ದಿನ ಯಾರಿಗೂ ಕಾಣದ ಹಾಗೆ ಅದನ್ನು ಕೋಣೆಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. ಹೊಟ್ಟೆ ಕೆತ್ತಿದ ಹಲಗೆ ತೊಡೆಯ ಮೇಲೆ ಅಳತೆ ಹಾಕಿ ಹೊಲಿದ ಹಾಗೆ ಕೂತಿತು. ಹಿಡಿ ಇನ್ನೊಂದು ಮೊಣಕಾಲಿಗೆ ಸರಿಯಾಗಿ ಸಿಕ್ಕಿತು. ಮೊಳೆಗೆ ನೂಲಿನ ಉಂಡೆ ಹೋಯಿತು. ಒಂದು ಬೀಡಿ ಎಲೆಯನ್ನು ತುಟಿಗಳ ನಡುವೆ ಇಟ್ಟರೆ, ಕಳೆದುಹೋದ ಹೆಬ್ಬೆರಳು ತೋರುಬೆರಳು ಎಷ್ಟು ಹಿತವಾಗಿ ಹಿಡಿಯುತ್ತಿದ್ದವೋ ಅಷ್ಟೇ ಹಿತವಾಗಿ ಅದು ಹಿಡಿಯಿತು. ಎಲೆ ಹರಿಯಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಜೋರಾಗಿ ಅತ್ತರಂತೆ.

ನಮ್ಮಲ್ಲಿ ಕಲಿಸುವ ಯಂತ್ರಗಳೆಲ್ಲ ಸಾವಿರಾರು ಜನರಿಗಾಗಿ ಮಾಡಿದವು, ಬ್ಯಾರಿಗಳೇ. ಇಡೀ ಲೋಕದಲ್ಲಿ ಒಬ್ಬಳೇ ಒಬ್ಬಳ ತೊಡೆಗೆ, ಒಬ್ಬಳ ಮೊಣಕಾಲಿಗೆ ಅಳತೆ ಮಾಡಿದ ಯಂತ್ರ ಇರಬಹುದೆಂದು ನನಗೆ ತೋಚಿಯೇ ಇರಲಿಲ್ಲ. ಅದಕ್ಕೇ ಯಾರ ಊಹೆಯೂ ನಿಮ್ಮ ಹತ್ತಿರ ಬರಲಿಲ್ಲ. ಅಳತೆ ಎಲ್ಲಿಂದ ಸಿಕ್ಕಿತೆಂದು ಪದ್ಮಾಕ್ಷಿಯಕ್ಕನಿಗೂ ಗೊತ್ತಿರಲಿಲ್ಲ. ಆಗ ಮನೆಮನೆಗೆ ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚ್ ನಡೆಸುತ್ತಿದ್ದ ಜತ್ತಪ್ಪಣ್ಣನ ಹತ್ತಿರ ಹೋಗಿ ಕೇಳಿದೆ. ಅವರಿಗೀಗ ಎಂಬತ್ತು. ನೀವು ಯಾರಿಗೂ ಹೇಳಬಾರದೆಂದು ಹೇಳಿದ್ದಿರಂತೆ, ಇಷ್ಟು ವರ್ಷ ಹೇಳಿರಲಿಲ್ಲ. "ಮೊಯಿದಿನಬ್ಬ ಬಲಗೈಯನ್ನು ಬೆನ್ನ ಹಿಂದೆ ಟ್ಯೂಬಿನಲ್ಲಿ ಕಟ್ಟಿಕೊಂಡು ನನ್ನ ಬ್ರಾಂಚಿನ ಹಿಂದೆ ಎರಡು ತಿಂಗಳು ಬೀಡಿ ಕಟ್ಲಿಕ್ಕೆ ಕಲ್ತದ್ದು ಮಾರಾಯ್ತಿ. ಮೊದಲು ಎರಡು ಹಲಗೆ ಮಾಡಿ ಒಡೆದು ಹಾಕಿದ. ಹುಡುಗಿಯ ತೊಡೆ ಎಷ್ಟು ದಪ್ಪ ಅಂತ ಅವಳ ಅಮ್ಮನ ಹತ್ತಿರ ಕೇಳ್ಲಿಕ್ಕೆ ನಾಚಿಕೆ, ಅದಕ್ಕೆ ನನ್ನ ಹೆಂಡತಿಯನ್ನು ಕಳಿಸಿದ" ಎಂದು ಹೇಳಿ, ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು.

ಇನ್ನು ನಿಮಗೆ ಖಂಡಿತ ಗೊತ್ತಿಲ್ಲದ ಸಂಗತಿ. ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿತ್ತು. ಸುರುಳಿ ಸುತ್ತಿದ ಬೀಡಿಗೆ ನೂಲು ಬಿಗಿಯುವಾಗ ನೂಲಿನ ಇನ್ನೊಂದು ತುದಿಯನ್ನು ಹಿಡಿಯುವವರು ಬೇಕಲ್ಲ? ನೀವು ಬಹುಶಃ ಹಲ್ಲಿನಲ್ಲಿ ಕಚ್ಚಿ ಹಿಡಿದಿರಬೇಕು. ಅವರೂ ಒಂದು ತಿಂಗಳು ಹಾಗೇ ಮಾಡಿದರು, ತುಟಿ ಕೊಯ್ದು ಹೋಯಿತು. ಆಮೇಲೆ ಜತ್ತಪ್ಪಣ್ಣನಿಂದ ಒಂದು ಅರ ಕೇಳಿ ತಂದು, ಯಂತ್ರವನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಎಡಗೈಯಲ್ಲಿ ಹಿತ್ತಾಳೆಯ ಅಂಚಿಗೆ ಒಂದು ಕಚ್ಚು ಹಾಕಿದರು. ನೂಲು ಆ ಕಚ್ಚಿನಲ್ಲಿ ಸಿಕ್ಕಿ ನಿಂತಿತು. ನಾನು ಫೋಟೋ ತೆಗೆದ ದಿನವೇ ಅದನ್ನು ಗಮನಿಸಿದ್ದೆ. ಉಳಿದ ಕೆಲಸವೆಲ್ಲ ಪಳಗಿದ ಕೈಯದು, ಆ ಕಚ್ಚು ಮಾತ್ರ ಒರಟು, ಸ್ವಲ್ಪ ಓರೆ. ಯಾರೋ ಹಾಳು ಮಾಡಿದ್ದಾರೆ ಎಂದುಕೊಂಡಿದ್ದೆ.

ಆ ಕಚ್ಚಿನಿಂದ ಹೊರಟು ತುಟಿಯ ಉದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಹಿತ್ತಾಳೆಯೊಳಗೆ ಇಳಿದಿದೆ. ಭೂತಗನ್ನಡಿ ಇಟ್ಟು ನೋಡಿದರೂ ಉಪಕರಣದ ಗುರುತಿಲ್ಲ. ಯಾವುದರಿಂದ ಕೊರೆದದ್ದೆಂದು ತಲೆ ಕೆಡಿಸಿಕೊಂಡಿದ್ದೆ. ಅದು ನೂಲು, ಬ್ಯಾರಿಗಳೇ. ಬರೀ ಬೀಡಿಯ ನೂಲು. ಬ್ರಾಂಚ್ ಮುಚ್ಚುವವರೆಗೆ ಹತ್ತೊಂಬತ್ತು ವರ್ಷ, ದಿನವೂ, ಅದೇ ಜಾಗದಲ್ಲಿ ಎಳೆದೂ ಎಳೆದೂ ಲೋಹವೇ ಸವೆದಿದೆ. ನನ್ನ ಹದಿನಾಲ್ಕು ವರ್ಷದ ಕೆಲಸದಲ್ಲಿ ಇಂಥದ್ದನ್ನು ಕಂಡಿಲ್ಲ. ಬೆರಳಿನ ಉಗುರು ಅದರ ಮೇಲೆ ಹಾಯಿಸಿದರೆ ಗೆರೆಗೆ ಸಿಕ್ಕಿ ನಿಲ್ಲುತ್ತದೆ.

ಹೋದ ಶನಿವಾರ ಪದ್ಮಾಕ್ಷಿಯಕ್ಕ ನಮ್ಮ ತರಗತಿಗೆ ಬಂದರು. ವರ್ಕ್‌ಶಾಪಿನ ನೆಲದಲ್ಲಿ ಚಾಪೆ ಹಾಸಿ ಕೂತು ಹಲಗೆಯನ್ನು ತೊಡೆಗೆ ಏರಿಸಿದರು. ಹದಿನಾಲ್ಕು ವರ್ಷ ಮುಟ್ಟಿರಲಿಲ್ಲ, ಎಲೆ ಒಮ್ಮೆ ಜಾರಿತು, "ಇರಿ ಮಕ್ಕಳೇ" ಎಂದರು. ಆಮೇಲೆ ಮೊಣಕಾಲು ತಾನಾಗಿ ಒತ್ತಿತು, ತುಟಿ ತೆರೆಯಿತು, ಎಲೆ ಸುತ್ತಿಕೊಂಡಿತು, ನೂಲು ಕಚ್ಚಿಗೆ ಬಿತ್ತು. ನಾನು ಕಣ್ಣು ಮಿಟುಕಿಸುವುದರೊಳಗೆ ಬೀಡಿ ಚಾಪೆಯ ಮೇಲಿತ್ತು. ಇಪ್ಪತ್ತೆಂಟು ಜನ ಸುತ್ತ ನಿಂತು ನೋಡುತ್ತಿದ್ದರು. ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ ಎಂದು ನಾನು ಹೇಳಿದ್ದಕ್ಕೆ ಅವರು ಒಪ್ಪಲಿಲ್ಲ. "ಇಟ್ಟುಕೊಳ್ಳಿ. ಆದ್ರೆ ಗಾಜಿನೊಳಗೆ ಬೇಡ. ಮಕ್ಕಳು ಬಿಚ್ಚಲಿ, ಪುನಃ ಜೋಡಿಸಲಿ. ಬ್ಯಾರಿಗಳು ಹೇಗೆ ಆಲೋಚನೆ ಮಾಡಿದ್ರು ಅಂತ ಅವರಿಗೆ ಗೊತ್ತಾಗ್ಬೇಕು" ಎಂದರು.

ಆದರೆ ಅದಕ್ಕೆ ಮೊದಲು ಅವರಿಗೆ ಅದನ್ನು ನಿಮ್ಮೆದುರು ತೊಡೆಯ ಮೇಲಿಟ್ಟು ಕೂರಬೇಕಂತೆ. ಬರುವ ಆದಿತ್ಯವಾರ ನಾವಿಬ್ಬರೂ ಬಂಟ್ವಾಳಕ್ಕೆ ಬಂದು, ವಿಟ್ಲದ ಮೇಲಾಗಿ ಕನ್ಯಾನದ ನಿಮ್ಮ ಮನೆಗೆ ಬರುತ್ತೇವೆ. ಹನ್ನೊಂದು ಗಂಟೆಯ ಒಳಗೆ ತಲುಪಬಹುದು. ಕೇಳಿಸದಿದ್ದರೆ ಹೇಗೆ ಮಾತಾಡುವುದೆಂದು ನಾನು ಚಿಂತೆ ಮಾಡುತ್ತಿದ್ದೆ. "ಮಾತಾಡ್ಲಿಕ್ಕೆ ಎಂತ ಉಂಟು? ಅವರು ನೋಡ್ಲಿ, ನಾನು ಕಟ್ತೇನೆ" ಎಂದು ನಿನ್ನೆ ಪದ್ಮಾಕ್ಷಿಯಕ್ಕ ಹೇಳಿದರು. ಎಲೆಗಳನ್ನು ಆರಿಸಿ ಕತ್ತರಿಸಿ ಇಟ್ಟಾಗಿದೆ.

ನಿಮ್ಮ ಮನೆಯ ಬಾಗಿಲು ತೆರೆದಿರಲಿ. ಹಿರಿಯರಾದ ನಿಮ್ಮ ಕಣ್ಣಿನ ಬೆಳಕು ಇನ್ನೂ ಬಹಳ ಕಾಲ ಹೀಗೇ ನಿಚ್ಚಳವಾಗಿರಲಿ ಎಂದು ಹಾರೈಸುವ,

ನಿಮ್ಮ ಕೆಲಸದ ಮುಂದೆ ತಲೆ ಬಾಗಿದ ಒಬ್ಬ ಫಿಟ್ಟರ್,
ಮೋಕ್ಷಿತಾ