ನಾತ ನಿಂತ ತೊಟ್ಟಿ

ತಂಗೀ,

ನೀನು ಹೇಗಿದ್ದೀಯ? ನಿನ್ನ ಅತ್ತೆ ಒಂದು ತುತ್ತಾದರೂ ಉಣ್ಣುತ್ತಿದ್ದಾರಾ? ಪುಟ್ಟಿಯ ಜ್ವರ ಇಳಿಯಿತಾ? ನನಗೆ ಮಂಡಿ ಊದಿರುವುದು ಬಿಟ್ಟರೆ ಬೇರೇನಿಲ್ಲ.

ಕಾರ್ಖಾನೆಯಲ್ಲಿ ಭಾವ ಕೊನೆಯುಸಿರೆಳೆದ ತೊಟ್ಟಿಯನ್ನು ಇವತ್ತು ನೋಡಿದೆ. ಕಾಗದಕ್ಕೆಂದು ಮರ ಬೇಯಿಸಿ ಉಳಿದ ಕಪ್ಪು ನೀರಿಗೆ ಆಸಿಡ್ ಬಿಟ್ಟರೆ ಕಂದು ಪುಡಿ ತಳಕ್ಕೆ ಕೂರುತ್ತದೆ. ಅದಕ್ಕೆ ಲಿಗ್ನಿನ್ ಅಂತಾರೆ, ಹಲಗೆ ಅಂಟಿಸುವ ಗೋಂದಿಗೆ ಬಳಸುತ್ತಾರೆ. ಆಗಲೇ ಕೊಳೆತ ಮೊಟ್ಟೆಯ ನಾತದ ವಿಷಗಾಳಿಯೂ ಏಳುತ್ತದೆ. ಅದು ಮಿತಿಮೀರಿದರೆ ಮೂಗೇ ಸತ್ತು, ನಾತವೇ ತಿಳಿಯುವುದಿಲ್ಲವಂತೆ.

ಅಲ್ಲಿನ ಮೇಸ್ತ್ರಿ ಅತ್ತುಬಿಟ್ಟ. "ವಿಷಗಾಳಿ ಅಳೆಯೋ ಗೋಡೆ ಮೇಲಿನ ಮೀಟರ್‌ಗಿಂತ ನಿಮ್ಮ ಭಾವನ ಮೂಗನ್ನೇ ನಂಬ್ತಿದ್ವಿ ಅಣ್ಣಾ. 'ನಾತ ಹೋಯ್ತು, ಬನ್ರೋ' ಅಂತ ಅವರೇ ಮೊದಲು ಇಳಿದ್ರು" ಅಂದ. ಕುಡಿದು ಬಿದ್ದರು ಅಂತ ಜನ ಆಡಿಕೊಂಡದ್ದು ಶುದ್ಧ ಸುಳ್ಳು, ತಂಗೀ. ಭಾವ ನರಳಲೂ ಇಲ್ಲವಂತೆ.

ಅವರ ಬಟ್ಟೆ, ಕನ್ನಡಕ ಕಟ್ಟಿಟ್ಟುಕೊಂಡಿದ್ದೇನೆ. ತಾವೇ ತೆಗೆದ ಪುಡಿಯ ಗೋಂದು ಹಾಕಿ, ಪುಟ್ಟಿಗೆಂದು ಬರೆಯುವ ಹಲಗೆಯೊಂದನ್ನು ಮಾಡಿಸಿಟ್ಟಿದ್ದರು. ಅದನ್ನು ತರಲೋ, ನಿನ್ನ ಕಣ್ಣಿಗೆ ಬೀಳದ ಹಾಗೆ ಇಲ್ಲೇ ಬಿಡಲೋ? ಮುಂದಿನ ಶನಿವಾರ ಹೊರಡುತ್ತೇನೆ. ಅಷ್ಟರೊಳಗೆ ಎರಡು ಸಾಲು ಬರೆದು ಹಾಕು.

ನಿನ್ನ ಅಣ್ಣ