ಕಲ್ಲೇಟಿನ ಗಂಟೆ

ಹೊಳೆದಂಡೆಯ ಮನೆ, ಅಥಣಿ ತಾಲೂಕು
ಶನಿವಾರ, 14 ಡಿಸೆಂಬರ್ 2024

ವಿಕ್ರಾಂತದಾದಾನಿಗೆ,

ಪ್ರಾಜಕ್ತಾಳ ನಮಸ್ಕಾರ. ನಿನ್ನ ಕ್ಷೇಮ ಕೇಳುವಷ್ಟು ಸಮಾಧಾನ ನನಗೀಗ ಇಲ್ಲ. ಗುರುವಾರದಿಂದ ನೀನು ಫೋನು ಎತ್ತುತ್ತಿಲ್ಲ. ಎತ್ತಿದ್ದರೂ ನಾನು "ಹೂಂ, ಊಟಾತು" ಅಂದು ಇಟ್ಟುಬಿಡುತ್ತಿದ್ದೆನೇನೋ. ಎದುರಿಗೆ ಮಾತು ಬಾರದವಳೆಂದು ನೀನೇ ಎಲ್ಲರಿಗೂ ಹೇಳುತ್ತೀಯಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣಾಸಾಬ ಮಾಮಾ ನಾಳೆ ಚಿಕ್ಕೋಡಿಗೆ ಬರುತ್ತಾನೆ, ಕಾಗದ ಅವನೇ ನಿನ್ನ ಕೈಗೆ ಕೊಡುತ್ತಾನೆ.

ನಿಪ್ಪಾಣಿಯ ಜಿನೇಂದ್ರ ಸಾಹುಕಾರರು ಹಳೇ ಚಿತ್ರ, ಹಳೇ ಸಾಮಾನು ಹರಾಜು ಹಾಕುತ್ತಾರಲ್ಲ, ಅಲ್ಲಿ ಈ ತಿಂಗಳು ನಾನು ಕೆಲಸಕ್ಕೆ ಸೇರಿದ್ದೆ. ನಾನಲ್ಲಿರುವುದು ನಿನಗೆ ಗೊತ್ತಿದ್ದರೆ ನೀನು ಗಂಟೆಯನ್ನು ಬೇರೆ ಕಡೆ ಒಯ್ಯುತ್ತಿದ್ದೆ. ಒಂದೊಂದು ಸಾಮಾನಿನ ವಿವರ ಕನ್ನಡದಲ್ಲಿ ಬರೆದು ಹರಾಜಿನ ದಿನ ಮೈಕಿನಲ್ಲಿ ಓದುವುದು, ಮುಗಿದ ಮೇಲೆ ಸಾಮಾನು ಕಟ್ಟಿಡುವುದು ನನ್ನ ಕೆಲಸ. ಸಂಸ್ಥಾನಿಕರ ತೈಲಚಿತ್ರಗಳು ಬಂದಿದ್ದವು. ರತ್ನಾಗಿರಿ ಕಡೆಯಿಂದ ಹಡಗಿನ ದಿಕ್ಸೂಚಿ, ದುರ್ಬೀನು, ಕಂದೀಲು ಬಂದಿದ್ದವು. "ನಮ್ಮ ಮಂದಿ ಸಮುದ್ರ ನೋಡಿಲ್ಲ ತಂಗಿ, ಅದಕ್ಕ ಸಮುದ್ರದ್ದಂದ್ರ ಜೀವಾ ಬಿಡ್ತಾರ" ಅಂತ ಸಾಹುಕಾರರು ನಗುತ್ತಿದ್ದರು.

ಗುರುವಾರ, ಹರಾಜಿನ ದಿನ ಬೆಳಿಗ್ಗೆ, ಕೊನೆಯ ಚೀಟಿ ಕೈಗೆ ಕೊಟ್ಟರು. "ಹಡಗಿನ ಗಂಟೆ. ಒಂದು ಮಗ್ಗುಲಿಗೆ ನೌಕಾಯುದ್ಧದ ಗುಂಡಿನ ಗುರುತು. ಕೊಟ್ಟವರ ಅಜ್ಜ ಅದೇ ಹಡಗಿನ ಖಲಾಸಿ." ಓದಿ ನನಗೂ ಕುತೂಹಲವಾಯಿತು. ಚೀಲ ಬಿಚ್ಚಿದೆ. ಒಳಗಿದ್ದದ್ದು ನಮ್ಮ ಗಂಟೆ.

ದಾದಾ, ರಾಜಾರಾಮ ಅಜ್ಜ ಸಮುದ್ರ ಕಂಡವನೇ ಅಲ್ಲ. ಕೃಷ್ಣೆಯನ್ನು ದಾಟಲಿಕ್ಕೇ ಅವನು ಅರ್ಧ ದಿನ ಕಾಯಬೇಕಾಗುತ್ತಿತ್ತು. ಸೇತುವೆ ಇಲ್ಲದ ಕಾಲದಲ್ಲಿ ನಾವೆಯನ್ನು ಕರೆಯಲು ಈ ದಂಡೆಯ ಕಂಬಕ್ಕೆ ಆ ಗಂಟೆ ತೂಗುಹಾಕಿದ್ದರು. ಊರವರು ಹಗ್ಗ ಜಗ್ಗಿ ಬಾರಿಸುತ್ತಿದ್ದರು. ನಮ್ಮ ಕೇರಿಯವರು ಹಗ್ಗ ಮುಟ್ಟುವ ಹಾಗಿರಲಿಲ್ಲ. ದೂರ ನಿಂತು ಕಲ್ಲು ಒಗೆದು ಬಾರಿಸಬೇಕಿತ್ತು. ಆ ತಗ್ಗುಗಳು ನಮ್ಮವರು ಒಗೆದ ಕಲ್ಲಿನವು. ಅವನ್ನು ನೀನು ಗುಂಡಿನ ಗುರುತು ಮಾಡಿದೆ.

ನಮ್ಮ ಅಪ್ಪ ಕೂಸಿದ್ದಾಗ ಅವನಿಗೆ ಜ್ವರ ನೆತ್ತಿಗೇರಿತ್ತು. ದವಾಖಾನೆ ಆಚೆ ದಂಡೆಯಲ್ಲಿ. ಗಾಳಿಗೆ ಕಲ್ಲಿನ ಸದ್ದು ಆಚೆ ಕೇಳಿಸಲಿಲ್ಲ. ಅಜ್ಜ ಹೋಗಿ ಹಗ್ಗ ಹಿಡಿದು ಜಗ್ಗಿದ. ಮರುದಿನ ಊರ ಹಿರಿಯರು ಅಂಬಿಗರ ಜಕ್ಕಪ್ಪನನ್ನು ಕರೆಸಿ ಗಂಟೆ ತೊಳೆಯಲು ಹೇಳಿದರಂತೆ. "ದಿನಾ ಮಳ್ಯಾಗ ತೋಯ್ತೈತ್ರಿ ಅದು, ನಾ ಏನ್ ತೊಳೀಲಿ" ಅಂದು ಜಕ್ಕಪ್ಪ ಬೀಡಿ ಹಚ್ಚಿದನಂತೆ. ಸೇತುವೆಯಾಗಿ ನಾವೆ ನಿಂತಾಗ ಗಂಟೆಯನ್ನು ಹೆಗಲ ಮೇಲೆ ಹೊತ್ತು ತಂದು ನಮ್ಮ ಕಟ್ಟೆಯ ಮೇಲಿಟ್ಟವನು ಆ ಜಕ್ಕಪ್ಪನೇ. ಇದನ್ನೆಲ್ಲ ಅಜ್ಜನ ಜೊತೆ ಸಂಸಾರ ಮಾಡಿದ ಶೇವಂತಾ ಆಯಿ ನಮ್ಮಿಬ್ಬರಿಗೂ ಒಂದೇ ತಟ್ಟೆಯಲ್ಲಿ ತುತ್ತು ಹಾಕುತ್ತ ಹೇಳಿದ್ದಾಳೆ.

ಅದೇ ಆಯಿಗೆ ನೀನು, "ಬುದ್ಧವಿಹಾರದಾಗ ತೂಗಹಾಕೂಣು, ತಿಕ್ಕಿಸಿಕೊಂಡ ಬರ್ತೀನಿ" ಅಂದು ಒಯ್ದೆ. ಅವಳು ನಂಬಿದಳು. ದಿನಾ ವಿಹಾರದ ತನಕ ಹೋಗಿ ತೂಗುಹಾಕುವ ಜಾಗ ನೋಡಿ ಬರುತ್ತಾಳೆ.

ನೀನು ದುಡ್ಡಿಗಾಗಿ ಮಾಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಿನಗೆ ಒಳ್ಳೇ ಪಗಾರ ಇದೆ. ಕಲ್ಲು ಒಗೆದವರ ಮೊಮ್ಮಗ ಅಂತ ನಿನ್ನ ಆಫೀಸಿನವರಿಗೆ ಗೊತ್ತಾಗಬಾರದು, ನಿನಗೆ ಬೇಕಾದದ್ದು ಅಷ್ಟೇ. ಅಜ್ಜನನ್ನು ಹಡಗು ಹತ್ತಿಸಿ ಕಳಿಸಿಬಿಟ್ಟೆ.

ನಾನು ಸಾಹುಕಾರರಿಗೆ ಹೇಳಿದೆ. ಇದು ನಮ್ಮ ಮನೆಯ ಗಂಟೆ, ಚೀಟಿಯ ಕಥೆ ಸುಳ್ಳು ಅಂದೆ. "ನಿಮ್ಮಣ್ಣ ಸಹಿ ಮಾಡ್ಯಾನ. ಸುಳ್ಳಂದ್ರ ಅವ ಬಂದ್ ಹೇಳಲಿ. ನೀ ಸುಮ್ಮ ಓದು" ಅಂದರು. ಹರಾಜಿಗೆ ಮಂಗಲ ಕಾರ್ಯಾಲಯ ತುಂಬಿತ್ತು. ನನ್ನ ಸರದಿ ಬಂದಾಗ ಚೀಟಿ ಮಡಚಿಟ್ಟು, ನಿನಗೆ ಈಗ ಬರೆದದ್ದನ್ನೇ ಮೈಕಿನಲ್ಲಿ ಹೇಳಿದೆ. ನಿಜ ಕೇಳಿದ ಮೇಲೆ ಯಾರೂ ಬೆಲೆ ಕೂಗುವುದಿಲ್ಲ, ಗಂಟೆ ಉಳಿಯುತ್ತದೆ ಅಂದುಕೊಂಡಿದ್ದೆ.

ಬೆಲೆ ಏರಿತು ದಾದಾ. ಮೊದಲು ಕೈ ಎತ್ತದವರೂ ಎತ್ತಿದರು. ಕೊನೆಗೆ ಕೊಲ್ಲಾಪುರ ಹಾದಿಯಲ್ಲಿ ಗಾರ್ಡನ್ ಹೋಟೆಲು ಕಟ್ಟುತ್ತಿರುವ ಒಬ್ಬರ ಪಾಲಾಯಿತು. ಅವರು ನನ್ನ ಹತ್ತಿರ ಬಂದು ಬಹಳ ಪ್ರೀತಿಯಿಂದಲೇ ಮಾತಾಡಿದರು. "ಭಾರೀ ಹೇಳಿದಿ ಬಾಳಾ. ಇದನ್ನ ಬೋರ್ಡಿನ ಮ್ಯಾಲ ಬರಸ್ತೀನಿ. ಗೇಟಿಗೆ ಗಂಟಿ, ಬಾಜೂಕ ಒಂದು ಬುಟ್ಟಿ ಕಲ್ಲು. ಬಂದ ಹುಡುಗೂರು ಒಗದು ಬಾರಸ್ಲಿ, ಮಜಾ ಆಕ್ಕೈತಿ." ಪಕ್ಕದವರು ನಕ್ಕರು. ನಾನು ಸಾಹಿತ್ಯ ಓದಿದವಳು. ಅವರ ಹೆಸರಿನ ಚೀಟಿ ಬರೆದು ಗಂಟೆಗೆ ಕಟ್ಟಿದೆ.

ನಿನ್ನ ಸುಳ್ಳು ಅಜ್ಜನನ್ನು ಮುಚ್ಚಿಹಾಕಿತ್ತು. ನನ್ನ ನಿಜ ಅವನನ್ನು ಮಾರಿಬಿಟ್ಟಿತು. ಯಾರ ಮೇಲೆ ಹೆಚ್ಚು ಸಿಟ್ಟು ಮಾಡಬೇಕೋ ನನಗೆ ತಿಳಿಯುತ್ತಿಲ್ಲ. ಆದರೆ ಶುರು ಮಾಡಿದವನು ನೀನು.

ಸೋಮವಾರ ಆ ಹೋಟೆಲಿನವರು ಸಾಮಾನು ಒಯ್ಯಲು ಬರುತ್ತಾರೆ. ಅದಕ್ಕೂ ಮೊದಲು ನೀನು ನಿಪ್ಪಾಣಿಗೆ ಹೋಗಬೇಕು. "ಗಂಟೆ ನನ್ನದಲ್ಲ, ನಮ್ಮ ಆಯಿಯದು, ಅವಳಿಗೆ ಸುಳ್ಳು ಹೇಳಿ ತಂದಿದ್ದೆ, ಅಜ್ಜ ಖಲಾಸಿಯಲ್ಲ" ಅಂತ ಸಾಹುಕಾರರ ಎದುರು ನಿನ್ನ ಬಾಯಿಂದ ಹೇಳಬೇಕು. ನಿನ್ನ ಆಫೀಸಿನವರು ಯಾರಾದರೂ ಅಲ್ಲಿದ್ದರೆ ಅವರೂ ಕೇಳಲಿ. ಫೋನಿನಲ್ಲಿ ಹೇಳಿದರೆ ಸಾಲದು. ನಾನು ಅಷ್ಟು ಮಂದಿಯ ನಡುವೆ ನಿಂತು ಹೇಳಿದ್ದೇನೆ. ನೀನು ಒಬ್ಬರ ಎದುರು ಹೇಳು.

ಅಪ್ಪನಿಗೆ ಇದೇನೂ ತಿಳಿಸಿಲ್ಲ. ಆಯಿ ಆರಾಮ ಇದ್ದಾಳೆ.

ನಿನ್ನ ತಂಗಿ,
ಪ್ರಾಜಕ್ತಾ

ತಾ.ಕ.: ಗಂಟೆ ಈಗ ನಿಪ್ಪಾಣಿಯಲ್ಲಿಲ್ಲ. ಶುಕ್ರವಾರ ಸಾಮಾನು ಕಟ್ಟುವಾಗ ಅದನ್ನು ಚಾದರದಲ್ಲಿ ಸುತ್ತಿ ಅಥಣಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಆಯಿ ಅದನ್ನು ತನ್ನ ಹೊರಸಿನ ಕೆಳಗೆ ಇಟ್ಟುಕೊಂಡಿದ್ದಾಳೆ, ನೀನೇ ಕಳಿಸಿದ್ದೆಂದು ತಿಳಿದಿದ್ದಾಳೆ. ಹೋಟೆಲಿನವರಿಗೆಂದು ನಾನು ಕಟ್ಟಿ ಸಾಹುಕಾರರಲ್ಲಿ ಬಿಟ್ಟುಬಂದ ಪೆಟ್ಟಿಗೆಯಲ್ಲಿರುವುದು ಹುಲ್ಲು ಮತ್ತು ಇಟ್ಟಂಗಿ. ಸೋಮವಾರ ಅದನ್ನು ತೆರೆಯುತ್ತಾರೆ. ನೀನು ಮೊದಲೇ ಹೋಗಿ ಹೇಳಿದ್ದರೆ ನಾನು ಆಯಿಯ ಗಂಟೆಯನ್ನು ಆಯಿಗೆ ತಂದುಕೊಟ್ಟವಳು. ಹೇಳದಿದ್ದರೆ ಪೊಲೀಸರಿಗೆ ನಾನು ಕಳ್ಳಿ, ನೀನು ಖಲಾಸಿಯ ಮೊಮ್ಮಗ.