ಒಂಬತ್ತು ನಿಮಿಷ

ಮಾರ್ಚ್ 3, ಸಂಜೆ
ಇಪ್ಪತ್ತು ರೋಗಿಗಳಿಗೆ ಫೋನ್ ಮಾಡಿದೆ. ಹದಿನಾಲ್ಕು ಮಂದಿ ಎತ್ತಿದರು. ಅದೇ ಪ್ರಶ್ನೆ — ನಮ್ಮ ಕ್ಲಿನಿಕ್ಕಿಗೆ ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ? ಒಬ್ಬ ಅಜ್ಜಿ, "ಎಷ್ಟು ಕೊಟ್ರೆ ನಿಂಗೆ ಒಳ್ಳೇದಾಗುತ್ತೋ ಅಷ್ಟು ಬರ್ಕೊಳ್ಳಮ್ಮ" ಅಂದರು. ಐದು ಬರೆದುಕೊಂಡೆ. ಆದರೂ ಸರಾಸರಿ 2.9. ಕಾಯುವ ಸಮಯ 52 ನಿಮಿಷ. ಎರಡೂ ಮೇಲಿನ ಆಫೀಸಿಗೆ ಹೋಗುತ್ತವೆ. ಡಾಕ್ಟರು ಮುಖ ಗಂಟಿಕ್ಕಿಕೊಂಡೇ ಊಟ ಮಾಡಿದರು.

ಮಾರ್ಚ್ 5
ಮೀಟಿಂಗ್. ಇನ್ನೊಬ್ಬ ಡಾಕ್ಟರನ್ನು ಕೇಳೋಣ ಎಂದಳು ನರ್ಸ್. ಕೊಡುವವರಿಲ್ಲ. ಸುಮ್ಮನಿರಲಾಗದೆ ನಾನು ಬಾಯಿ ಬಿಟ್ಟೆ. ಟೋಕನ್ ಕೊಟ್ಟ ಗಳಿಗೆಯಿಂದ ತಾನೇ ಕಂಪ್ಯೂಟರ್ ಎಣಿಸುವುದು? ಗೇಟಿನಲ್ಲಿ ಕೊಡುವ ಬದಲು ಡಾಕ್ಟರ ಕೋಣೆಯ ಮುಂದೆ ಮೂರು ಕುರ್ಚಿ ಹಾಕಿ, ಕುರ್ಚಿ ಸಿಕ್ಕವರಿಗೆ ಮಾತ್ರ ಟೋಕನ್ ಕೊಟ್ಟರೆ…
ಡಾಕ್ಟರು ನನ್ನನ್ನೇ ನೋಡಿದರು. "ತಲೆ ಅಂದ್ರೆ ನಿಂದಮ್ಮ."

ಮಾರ್ಚ್ 19
ಕಾಯುವ ಸಮಯ 9 ನಿಮಿಷ. ಅಂಕ 4.4. ಟೋಕನ್ ಪಡೆದವರಿಗೆ ಮಾತ್ರ ನನ್ನ ಫೋನ್ ಹೋಗುತ್ತದೆ. ಮೆಟ್ಟಿಲ ಮೇಲೆ ಕೂತು, ಹನ್ನೆರಡಕ್ಕೆ ಬಾಗಿಲು ಹಾಕಿದ ಮೇಲೆ ಎದ್ದು ಹೋದವರಿಗೆ ಇಲ್ಲ.
ಸಂಜೆ ಪಕ್ಕದ ಬೀದಿಯಿಂದ ಅಕ್ಕ ಬಂದಿದ್ದಳು. ಸಕ್ಕರೆ ಕಾಯಿಲೆಯವಳು, ಚಪ್ಪಲಿ ಕಚ್ಚಿ ಕಾಲ್ಬೆರಳಿಗೆ ಗಾಯ. ನಾಳೆಯೇ ಕ್ಲಿನಿಕ್ಕಿಗೆ ಬಾ, ಆದರೆ ತಂಗಿ ಇದ್ದಾಳೆ ಅಂತ ಒಳಗೆ ನುಗ್ಗಬೇಡ ಎಂದೆ.
"ಆಯ್ತು ಕಣೇ ದೊಡ್ಡ ಆಫೀಸರ್ರೇ" ಅಂತ ನಕ್ಕಳು.

ಮಾರ್ಚ್ 31
ಅಕ್ಕ ದೊಡ್ಡಾಸ್ಪತ್ರೆಯಲ್ಲಿ. ಬೆರಳು ಕಪ್ಪಾಗಿದೆ, ಜ್ವರ. ಬೆರಳು ತೆಗೆಯಬೇಕಂತೆ. ಹೇಳಿದ ಮೇಲೂ ಕ್ಲಿನಿಕ್ಕಿಗೆ ಯಾಕೆ ಬರಲಿಲ್ಲ ಎಂದು ರೇಗಿದೆ. ಭಾವ ಕಿಟಕಿಯ ಕಡೆ ತಿರುಗಿದರು. ಅಕ್ಕನೇ ಹೇಳಿದಳು:
"ಮೂರು ದಿನ ಬಂದಿದ್ದೆ ಕಣೇ. ಮೆಟ್ಟಿಲ ಮೇಲೆ ಕೂತಿದ್ದೆ. ಕಾಲು ಊದಿತ್ತು, ಕುರ್ಚಿಗೆ ಓಡೋರ ಜೊತೆ ಓಡೋಕಾಗ್ಲಿಲ್ಲ. ನೀನು ಎರಡು ಸಲ ಬಾಗಿಲಿಗೆ ಬಂದೆ. ನಾನೇ ಕೂಗ್ಲಿಲ್ಲ."
ವಾಪಸ್ ಬಂದು ಕಂಪ್ಯೂಟರಿನಲ್ಲಿ ನೋಡಿದೆ. ಅದರ ಲೆಕ್ಕದಲ್ಲಿ ಆ ಮೂರು ದಿನ ಅಕ್ಕ ಬಂದೇ ಇಲ್ಲ.

ಏಪ್ರಿಲ್ 2
ಟೋಕನ್ ಮತ್ತೆ ಗೇಟಿನಲ್ಲೇ ಕೊಡೋಣ ಎಂದು ಡಾಕ್ಟರ ಹತ್ತಿರ ಅಂಗಲಾಚಿದೆ. ನಾಡಿದ್ದು ಮೇಲಿನ ಆಫೀಸಿನ ತಂಡ ಬರುತ್ತಿದೆ, ನಮ್ಮ ಕ್ಲಿನಿಕ್ಕನ್ನು ಮಾದರಿ ಮಾಡುತ್ತಾರಂತೆ. "ಐಡಿಯಾ ನಿಂದೇ ತಾನೇ? ಈಗ ನಂಗೆ ಬುದ್ಧಿ ಹೇಳ್ತೀಯಾ?" ಎಂದರು.
ಅಕ್ಕನ ಆಪರೇಷನ್ನೂ ನಾಡಿದ್ದೇ. ರಜೆ ಸಿಗಲಿಲ್ಲ.

ಏಪ್ರಿಲ್ 4, ಮಧ್ಯಾಹ್ನ 1.20
ತಂಡ ಬರುವ ಮೊದಲು ವಾಚ್‌ಮನ್ ಮೆಟ್ಟಿಲ ಮೇಲಿದ್ದವರನ್ನು ಕಟ್ಟಡದ ಹಿಂದಕ್ಕೆ ಕಳಿಸಿದ. ಎಣಿಸಿದೆ — ಮೂವತ್ತೊಂದು ಜನ.
ಹನ್ನೊಂದಕ್ಕೆ ಭಾವನ ಫೋನ್. "ಬೆರಳಲ್ಲಮ್ಮ… ಮೊಣಕಾಲ ಕೆಳಗೆ ತೆಗೆದ್ರು." ಅಷ್ಟೇ ಹೇಳಿ ಇಟ್ಟರು.
ಒಳಗೆ ಹೋದೆ. ಐವತ್ತೆರಡರಿಂದ ಒಂಬತ್ತಕ್ಕೆ ಹೇಗೆ ಇಳಿಸಿದಿರಿ ಎಂದು ತಂಡದ ಹಿರಿಯರು ಕೇಳುತ್ತಿದ್ದರು. ಡಾಕ್ಟರು ನನ್ನ ಕಡೆ ಕೈ ತೋರಿಸಿದರು. ಮೂವತ್ತೊಂದು ಎಂದು ಹೇಳಲೆಂದೇ ಮುಂದೆ ಬಂದೆ. ಬಾಯಿಗೆ ಬಂದದ್ದು ಬೇರೆ. ಕುರ್ಚಿಗಳನ್ನು ಸರಿಯಾಗಿ ಹಾಕಿದೆವು ಸಾರ್, ಎಂದೆ.
ಚಪ್ಪಾಳೆ. ತಂಡದವರು, ಡಾಕ್ಟರು, ನರ್ಸ್. ನನ್ನ ಕೈಗಳೂ—